ಎಂಜಿನ್ ಕಂಪ್ಯೂಟರಿಗೊಂದು ಗವಸು

ಜನವರಿ 9

ಹುಡುಗೀ,

ಮೇಲೆ ಏನೆಂದು ಬರೆಯಲಿ ಎಂದು ಯೋಚಿಸುತ್ತಾ ಕುಳಿತು ಬೆಳಗ್ಗೆಯೆಲ್ಲ ಹಾಳಾಯಿತು. ನೀನು ನನಗೆ ಏನಾಗಬೇಕು ಎಂದು ಯಾರಾದರೂ ಈಗ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಆರು ವರ್ಷ ನೀನು ನನ್ನ ಸೊಸೆಯಾಗಿದ್ದೆ. ನೀನೂ ನನ್ನ ಮಗನೂ ಕೋರ್ಟಿನಲ್ಲಿ ಸಹಿ ಹಾಕಿ ಬೇರೆಯಾಗಿ ಎರಡು ವರ್ಷವಾಯಿತು. ಅವನು ನಿನಗೆ ಗಂಡನಲ್ಲ, ಸರಿ, ಒಪ್ಪಿದೆ. ಆದರೆ ನನ್ನನ್ನು ಅತ್ತೆಯ ಕೆಲಸದಿಂದ ತೆಗೆದಿದ್ದಾರೆಂದು ಯಾರೂ ನನಗೆ ಹೇಳಲಿಲ್ಲ. ಅದಕ್ಕೇ ಮೊದಲು ಕರೆಯುತ್ತಿದ್ದ ಹಾಗೆ ಹುಡುಗೀ ಎಂದೇ ಬರೆದಿದ್ದೇನೆ. ಬೇಜಾರಾದರೆ ಹೇಳು.

ವಿಷಯಕ್ಕೆ ಬರುತ್ತೇನೆ. ಈ ಕಾಗದದ ಕೆಳಗೆ, ಹಳೆಯ ಪರದೆ ಬಟ್ಟೆಯಲ್ಲಿ ಸುತ್ತಿಟ್ಟಿರುವುದು ನನ್ನ ಕಾರಿನ ಕಂಪ್ಯೂಟರು. ಅದು ಕೆಟ್ಟಿದೆ.

ಮೊದಮೊದಲು ಕಾರು ಬಿಸಿಯಾದಾಗ ಮಾತ್ರ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೊರಡುತ್ತಿತ್ತು. ಮುನಿಸಿಕೊಂಡ ಮಗುವನ್ನು ಸಮಾಧಾನ ಮಾಡಿದ ಹಾಗೆ ಮಾಡಿಕೊಂಡು ಓಡಿಸುತ್ತಿದ್ದೆ. ಹೋದ ತಿಂಗಳು ದೊಡ್ಡ ರಸ್ತೆಯ ನಡುವೆ, ಕಾರಿನ ತಲೆಯ ಮೇಲೆ ಏಣಿ, ಹಿಂದೆ ಪರದೆ ಕೋಲುಗಳು, ಡಿಕ್ಕಿ ತುಂಬ ಬಟ್ಟೆ ಇಟ್ಟುಕೊಂಡು ಹೋಗುತ್ತಿರುವಾಗ ಸದ್ದಿಲ್ಲದೆ ನಿಂತಿತು. ಹಿಂದಿನವರೆಲ್ಲ ಹಾರ್ನ್ ಹೊಡೆದು ನನ್ನ ವಂಶವನ್ನೆಲ್ಲ ನೆನೆದರು. ಮೂಲೆ ಗ್ಯಾರೇಜಿನ ಮೇಸ್ತ್ರಿ ಎಳೆಸಿಕೊಂಡು ಹೋಗಿ ನೋಡಿ, "ಅಮ್ಮಾ, ಇದರ ಕೈಕಾಲು ಎಲ್ಲಾ ಗಟ್ಟಿಯಾಗಿದೆ, ತಲೆ ಮಾತ್ರ ಕೆಟ್ಟಿದೆ" ಎಂದ. ನಮ್ಮ ಮನೆಯಲ್ಲಿ ಎಲ್ಲರ ಕಥೆಯೂ ಅದೇ ಎಂದೆ. ಅವನು ಇಂಥದ್ದೇ ಇನ್ನೊಂದು ಕಾರಿನ ಕಂಪ್ಯೂಟರು ತಂದು ಹಾಕಿ ನೋಡಿದ. ಎಂಜಿನ್ನು ತಿರುಗಿತು, ಹತ್ತಲಿಲ್ಲ. ಸ್ಟೀರಿಂಗಿನ ಮುಂದೆ ಬೀಗದ ಚಿತ್ರದ ದೀಪವೊಂದು ಪಿಳಿಪಿಳಿ ಎಂದಿತು. ಆಮೇಲೆ ಅವನು ಕೈಚೆಲ್ಲಿ ಕುಳಿತ. ನೀನು ಈಗ ಇಂಥ ಪೆಟ್ಟಿಗೆಗಳನ್ನೇ ಬಿಚ್ಚಿ ಸರಿಮಾಡುವ ವರ್ಕ್‌ಶಾಪಿನಲ್ಲಿದ್ದೀಯೆಂದು ಹೇಳಿದವನೂ ಅವನೇ.

ಮಗ ಗುಜರಿಗೆ ಹಾಕೋಣ ಅನ್ನುತ್ತಿದ್ದಾನೆ. ಕಾರು ಹೋದರೆ ನನ್ನ ಕೆಲಸವೂ ಹೋದ ಹಾಗೆಯೇ. ಮನೆಮನೆಗೆ ಹೋಗಿ ಕಿಟಕಿ ಅಳೆದು, ಹೊಲಿದು, ಏಣಿ ಹತ್ತಿ ಪರದೆ ತೂಗುಹಾಕುವವಳು ನಾನು. ಬಸ್ಸಿನಲ್ಲಿ ಏಣಿ ಹತ್ತಿಸಿಕೊಳ್ಳುತ್ತಾರೆಯೇ? ಹೊಸ ಆಸ್ಪತ್ರೆಯ ವಾರ್ಡುಗಳ ಪರದೆ ಕೆಲಸ ನನಗೆ ಸಿಕ್ಕಿದೆ. ಮಾರ್ಚ್ ಮುಗಿಯುವುದರೊಳಗೆ ಹಾಕಿಕೊಡಬೇಕು. ಇಷ್ಟು ದೊಡ್ಡ ಕೆಲಸ ನನಗೆ ಹಿಂದೆ ಯಾವತ್ತೂ ಸಿಕ್ಕಿರಲಿಲ್ಲ.

ಫೋನ್ ಮಾಡಬಹುದಿತ್ತು. ನೀನು ಎತ್ತುವುದಿಲ್ಲ ಎಂದಲ್ಲ, ಎತ್ತಿಬಿಟ್ಟರೆ ಏನು ಮಾತಾಡುವುದು ಎಂದು. ಕೇಳಿದರೆ ಬೇಡ ಅನ್ನುತ್ತೀ ಎಂದು ಕೇಳದೆ ಕಳಿಸುತ್ತಿದ್ದೇನೆ.

ಇಂತಿ,
ನಿನ್ನ ಗಂಡನಾಗಿದ್ದವನ ತಾಯಿ


ಜನವರಿ 17

ಮಾನ್ಯರೇ,

ಪೆಟ್ಟಿಗೆ ತಲುಪಿತು. ವರ್ಕ್‌ಶಾಪಿಗೆ ಬರುವ ಎಲ್ಲ ಕಾಗದಗಳಿಗೂ ನಾವು ಮಾನ್ಯರೇ ಎಂದೇ ಉತ್ತರ ಬರೆಯುವುದು, ತಪ್ಪು ತಿಳಿಯಬೇಡಿ. ನನಗೂ ಮೇಲೆ ಏನು ಬರೆಯಬೇಕೆಂದು ಗೊತ್ತಾಗಲಿಲ್ಲ.

ನಿಮ್ಮ ಕಂಪ್ಯೂಟರನ್ನು ಮೇಜಿನ ಮೇಲೆ ಇಟ್ಟು ವಿದ್ಯುತ್ ಕೊಟ್ಟು ನೋಡಿದೆ. ಕೆಲವೊಮ್ಮೆ ಮಾತಾಡುತ್ತದೆ, ಕೆಲವೊಮ್ಮೆ ಇಲ್ಲ. ಮುಚ್ಚಳ ಅಂಟಿಸಿರುವುದರಿಂದ ಬಿಸಿಗಾಳಿ ಕೊಟ್ಟು ಬಿಡಿಸಬೇಕು, ಅವಸರ ಮಾಡಿದರೆ ಒಳಗಿನದು ಮುರಿಯುತ್ತದೆ. ಅದಕ್ಕೆ ಕೆಲವು ದಿನ ಬೇಕು.

ಅದಕ್ಕಿಂತ ಮುಂಚೆ ಒಂದು ಪ್ರಶ್ನೆ. ವೈರಿನ ಸಾಕೆಟ್ಟಿನ ಹತ್ತಿರ ಪಿನ್ನುಗಳೆಲ್ಲ ಹಸಿರುಗಟ್ಟಿವೆ. ನೀರು ಬಹಳ ಕಾಲ ನಿಂತರೆ ಮಾತ್ರ ಹೀಗಾಗುತ್ತದೆ. ಈ ಪೆಟ್ಟಿಗೆ ಬಾನೆಟ್ಟಿನ ಒಳಗೆ ಬ್ಯಾಟರಿಯ ಪಕ್ಕ ಇರುತ್ತದೆ. ಒಂದೆರಡು ಹನಿ ಬಿದ್ದರೂ ಎಂಜಿನ್ನಿನ ಬಿಸಿಗೆ ಆರಿಹೋಗಬೇಕು. ಬೆನ್ನಿನ ಮೇಲೆ ಸಾಲಾಗಿ ಉಬ್ಬಿರುವ ಅಲ್ಯೂಮಿನಿಯಮ್ ಏಣುಗಳ ಸಂದಿಯಲ್ಲಿ ಹತ್ತಿಯೂ ನೀಲಿ ದಾರದ ತುಂಡುಗಳೂ ಸಿಕ್ಕಿವೆ. ವರ್ಕ್‌ಶಾಪಿನ ಯಜಮಾನರು ಇಲಿ ಗೂಡು ಕಟ್ಟಿರಬೇಕು ಎಂದರು. ನಾನು ದಾರವನ್ನು ಭೂತಗನ್ನಡಿಯಲ್ಲಿ ನೋಡಿದೆ. ಇಲಿಗಳು ಬಟ್ಟೆಯ ಅಂಚಿಗೆ ಓವರ್‌ಲಾಕ್ ಹೊಲಿಗೆ ಹಾಕುವುದಿಲ್ಲ.

ಈ ಬಗ್ಗೆ ನಿಮಗೆ ಏನಾದರೂ ಗೊತ್ತಿದ್ದರೆ ತಿಳಿಸಿ.

ಇಂತಿ,
ವರ್ಕ್‌ಶಾಪಿನಿಂದ


ಜನವರಿ 24

ಹುಡುಗೀ,

ಮಾನ್ಯರೇ ಎಂದು ನೋಡಿ, ಬೇರೆ ಯಾರಿಗೋ ಬಂದ ಕಾಗದವೆಂದು ಪಕ್ಕದ ಮನೆಗೆ ಕೊಡುವುದರಲ್ಲಿದ್ದೆ.

ದಾರ ನನ್ನದೇ. ಅದಕ್ಕೆ ಗವಸು ಹೊಲಿದಿದ್ದೆ.

ನಗಬೇಡ. ಕಾರು ಕಲಿಸುವಾಗ ನೀನೇ ಬಾನೆಟ್ ಎತ್ತಿ ಒಂದೊಂದನ್ನೂ ತೋರಿಸಿದ್ದೆ. "ಅತ್ತೆ, ಇದು ಇದರ ಮಿದುಳು. ಇದನ್ನ ಜೋಪಾನವಾಗಿ ನೋಡ್ಕೊಂಡ್ರೆ ಕಾರು ನಿಮ್ಮನ್ನ ಕೈ ಬಿಡಲ್ಲ" ಎಂದೆ. ಜೋಪಾನ ಎಂದರೆ ನನಗೆ ಗೊತ್ತಿರುವುದು ಒಂದೇ ದಾರಿ. ಟಿವಿಗೆ, ಮಿಕ್ಸಿಗೆ, ಹೊಲಿಗೆ ಯಂತ್ರಕ್ಕೆ, ಗ್ಯಾಸ್ ಸಿಲಿಂಡರಿಗೆ ಕೂಡ ಗವಸು ಹಾಕಿದವಳು ನಾನು. ಮಿದುಳನ್ನು ಬರಿಮೈಯಲ್ಲಿ ಬಿಡಲೇ? ಹೊರಗೆ ದಪ್ಪ ನೀಲಿ ಬಟ್ಟೆ, ನಡುವೆ ತೆಳ್ಳಗೆ ಹತ್ತಿ, ಒಳಗೆ ಮೆತ್ತನೆ ಲೈನಿಂಗ್, ಕೆಳಗೆ ಎಲಾಸ್ಟಿಕ್. ಅಳತೆ ಎಷ್ಟು ಸರಿಯಾಗಿ ಕೂತಿತ್ತೆಂದರೆ, ಮೇಸ್ತ್ರಿ ಅದನ್ನು ಬಿಚ್ಚಿ ಪಕ್ಕಕ್ಕಿಟ್ಟವನು ಕಂಪನಿಯಿಂದಲೇ ಬಂದದ್ದು ಅಂದುಕೊಂಡನಂತೆ. ಈಗ ಹೋಗಿ ಕೇಳಿದೆ.

ಪ್ರತಿ ಭಾನುವಾರ ಬಾನೆಟ್ ಎತ್ತಿ ಪೈಪಿನಲ್ಲಿ ನೀರು ಬಿಟ್ಟು ತೊಳೆಯುತ್ತಿದ್ದೆ. ಗವಸು ಇದೆಯಲ್ಲ ಎಂಬ ಧೈರ್ಯ. ಅದು ನೀರು ಕುಡಿದು ವಾರವಿಡೀ ಒದ್ದೆಯಾಗಿ ಕೂತಿರುತ್ತಿತ್ತೆಂದು ನಿನ್ನ ಕಾಗದ ಓದಿದ ಮೇಲೆ ಹೊಳೆಯಿತು. ಜೋಪಾನ ಮಾಡಿಯೇ ಕೊಂದೆನಲ್ಲ.

ಮಗನಿಗೆ ಗವಸಿನ ವಿಷಯ ಹೇಳಿಲ್ಲ. ಹೇಳಿದರೆ ಊಟಕ್ಕೆ ಕೂತಾಗೆಲ್ಲ ಅದೇ ಮಾತಾಗುತ್ತದೆ. ಅವನು ಆಡುವುದೇ ಕಡಿಮೆ, ಆಡಿದರೆ ಗುಜರಿ ಮಾತು. ಮುಂದಿನ ತಿಂಗಳು ಒಬ್ಬ ನೋಡಲು ಬರುತ್ತಾನಂತೆ.

ನಾನು ಈಗ ಕೆಲಸಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೇನೆ. ನಿನ್ನೆ ಪರದೆ ಕೋಲು ಹಿಡಿದು ನಿಂತಿದ್ದೆ, ಕಂಡಕ್ಟರ್ "ಈ ಕೋಲಿಗೂ ಟಿಕೆಟ್ ತಗೋಬೇಕಮ್ಮ, ನಿಮಗಿಂತ ಎತ್ತರ ಇದೆ" ಎಂದ. ತಗೊಂಡೆ. ಅದಕ್ಕೆ ಸೀಟೂ ಕೊಡಪ್ಪ ಎಂದೆ. ಬಸ್ಸೆಲ್ಲ ನಕ್ಕಿತು. ಇಳಿದ ಮೇಲೆ ಮಾತ್ರ ನಿಂತಲ್ಲೇ ಅಳು ಬಂತು. ಏಣಿಯಿಲ್ಲದೆ ಹೋದೆ, ಆ ಮನೆಯವರ ಊಟದ ಮೇಜು ಹತ್ತಿ ಕೆಲಸ ಮಾಡಿದೆ. ಅವರಿಗೆ ಅದು ಹಿಡಿಸಲಿಲ್ಲ.

ಅದು ಬದುಕುತ್ತದೋ ಇಲ್ಲವೋ, ಇದ್ದದ್ದನ್ನು ಇದ್ದ ಹಾಗೆ ಬರೆ.

ಇಂತಿ,
ಗವಸಿನವಳು


ಫೆಬ್ರವರಿ 3

ನಮಸ್ಕಾರ.

ನಗಬೇಡ ಎಂದಿರಿ. ಯಜಮಾನರಿಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಇಷ್ಟು ವರ್ಷದಲ್ಲಿ ಇಲಿ, ಹಲ್ಲಿ, ಬೆಂಕಿ, ಪ್ರವಾಹ ಎಲ್ಲದರಿಂದ ಸತ್ತ ಕಂಪ್ಯೂಟರು ನೋಡಿದ್ದಾರಂತೆ, ಲೈನಿಂಗಿನಿಂದ ಸತ್ತದ್ದು ಇದೇ ಮೊದಲಂತೆ. ನಾನೂ ನಕ್ಕೆ. ಈ ಕೋಣೆಯಲ್ಲಿ ನಾನು ನಕ್ಕದ್ದನ್ನು ಅವರು ನೋಡಿರಲಿಲ್ಲವಂತೆ, ಅದನ್ನೂ ಹೇಳಿದರು.

ಇದ್ದ ಹಾಗೆ ಬರೆಯುತ್ತೇನೆ. ಪೆಟ್ಟಿಗೆ ಉಳಿಯುವುದಿಲ್ಲ. ಮುಚ್ಚಳ ತೆಗೆದೆ. ತೇವ ಒಳಗೆ ಹೋಗಿ, ಸರ್ಕ್ಯೂಟ್ ಹಲಗೆಯ ಮೇಲಿನ ತಾಮ್ರದ ಗೆರೆಗಳನ್ನು ಅರ್ಧದಷ್ಟು ತಿಂದುಹಾಕಿದೆ. ಗವಸು ಬಿಸಿಯನ್ನೂ ಹೊರಗೆ ಬಿಟ್ಟಿಲ್ಲ. ಬೆನ್ನಿನ ಮೇಲೆ ಆ ಏಣುಗಳನ್ನು ಮಾಡಿರುವುದೇ ಗಾಳಿಗೆ ಮೈಯೊಡ್ಡಿ ತಣ್ಣಗಾಗಲಿ ಎಂದು. ಒಂದೆರಡು ಗೆರೆ ಕಿತ್ತಿದ್ದರೆ ತಂತಿ ಎಳೆದು ಬೆಸುಗೆ ಹಾಕುತ್ತಿದ್ದೆ. ಇದು ತೇಪೆ ಹಾಕುವ ಹಂತ ದಾಟಿದೆ. ಬದಲಿಸಲೇಬೇಕು.

ಹಾಗಿದ್ದರೆ ನಿಮ್ಮ ಮೇಸ್ತ್ರಿ ಹಾಕಿದ ಇನ್ನೊಂದು ಯಾಕೆ ನಡೆಯಲಿಲ್ಲ ಎಂದು ಕೇಳುತ್ತೀರಿ. ಕಳ್ಳರಿಗಾಗಿ ಮಾಡಿದ ಏರ್ಪಾಡು ಅದು. ನಿಮ್ಮ ಕೀಲಿಯ ತಲೆಯೊಳಗೆ ಅಕ್ಕಿಕಾಳಿನಷ್ಟು ಚಿಪ್ಪೊಂದಿದೆ. ಕೀಲಿ ತಿರುಗಿಸಿದಾಗ ಕಂಪ್ಯೂಟರು ಅದರ ಗುರುತು ಕೇಳುತ್ತದೆ. ಗುರುತು ಸಿಕ್ಕರೆ ಮಾತ್ರ ಪೆಟ್ರೋಲು ಬಿಡುತ್ತದೆ. ಬೇರೆ ಕಾರಿನಿಂದ ಬಂದ ಕಂಪ್ಯೂಟರಿಗೆ ನಿಮ್ಮ ಕೀಲಿ ಅಪರಿಚಿತ, ಹಾಗಾಗಿ ದೀಪ ಮಿಟುಕಿಸಿ ಬಾಗಿಲು ಹಾಕಿಕೊಂಡಿತು.

ಒಳ್ಳೆಯ ಸುದ್ದಿ ಇಲ್ಲಿದೆ. ನಿಮ್ಮ ಹಳೆಯ ಹಲಗೆಯ ಮೂಲೆಯಲ್ಲಿರುವ ಪುಟ್ಟ ನೆನಪಿನ ಚಿಪ್ಪು ಚೆನ್ನಾಗಿದೆ. ತೇವ ಅಲ್ಲಿಯವರೆಗೆ ಹೋಗಿಲ್ಲ. ನಿಮ್ಮ ಕೀಲಿಯ ಗುರುತು ಇರುವುದು ಅದರಲ್ಲೇ. ಅದನ್ನು ಓದಿಕೊಂಡು, ಅದೇ ನಂಬರಿನ ಇನ್ನೊಂದು ಪೆಟ್ಟಿಗೆಗೆ ಬರೆಯಬಹುದು. ಪೆಟ್ಟಿಗೆಗೆ ಅಂಟಿಸಿದ ಚೀಟಿಯ ಮೇಲಿನ ನಂಬರು ಕೊನೆಯ ಅಂಕಿಯವರೆಗೂ ಒಂದೇ ಆಗಿರಬೇಕು. ಗುಜರಿ ಅಂಗಡಿಗಳಿಗೆಲ್ಲ ಹೇಳಿಟ್ಟಿದ್ದೇನೆ. ಹಿಂದಿನಿಂದ ಗುದ್ದಿಸಿಕೊಂಡ ಕಾರು ಸಿಕ್ಕರೆ ಒಳ್ಳೆಯದು, ಮುಂಭಾಗ ಸರಿಯಿರುತ್ತದೆ.

ನಾನು ಹೇಳುವವರೆಗೆ ಕಾರು ಮಾರಲು ಬಿಡಬೇಡಿ. ಮತ್ತೆ ಮೇಜು ಹತ್ತಬೇಡಿ. ನಿಮ್ಮ ಎಡ ಮಂಡಿಯ ವಿಷಯ ನನಗೆ ಗೊತ್ತು.

ಇಂತಿ,
ನಿಮ್ಮ ಹಳೆಯ ಸೊಸೆ


ಫೆಬ್ರವರಿ 16

ಹುಡುಗೀ,

ಮಂಡಿ ನೆನಪಿದೆಯಲ್ಲ, ಸಂತೋಷ. ಹಳೆಯ ಸೊಸೆ ಎಂದು ಬರೆದಿದ್ದೀ. ಹಳೆಯದಾದರೂ ಸೊಸೆಯೇ ತಾನೆ, ಅದೂ ಸಂತೋಷ.

ಗುಜರಿಯವನು ಬಂದಿದ್ದ. ಅವನು ಬರುವ ಸುದ್ದಿ ತಿಳಿದು ನಾನು ಮೊದಲೇ ಹೋಗಿ ಕಾರಿನೊಳಗೆ ಕೂತೆ. ಕೈಯಲ್ಲಿ ಆಸ್ಪತ್ರೆಯ ಪರದೆಗಳ ಅಂಚು ಹೊಲಿಯುವ ಕೆಲಸ ಹಿಡಿದಿದ್ದೆ.

"ಅಮ್ಮ, ಇಳಿ. ಅವರು ನೋಡ್ಬೇಕಂತೆ" ಎಂದ ಮಗ.

"ನೋಡ್ಲಿ ಬಿಡು. ನಾನು ಕೂತಿದ್ರೆ ಕಾರು ಕಾಣಲ್ವಾ?"

ಗುಜರಿಯವನು ಒಂದು ಸುತ್ತು ಹಾಕಿ, ಟೈರಿಗೆ ಒದ್ದು, "ಅಮ್ಮನ ಸಮೇತ ತಗೊಳ್ಳೋಕಾಗಲ್ಲ ಸಾರ್" ಎಂದು ಹೇಳಿ ಹೊರಟುಹೋದ. ಮಗನಿಗೆ ನಗುವೂ ಬಂತು, ಸಿಟ್ಟೂ ಬಂತು. ನನ್ನ ಪಕ್ಕದ ಸೀಟಿನಲ್ಲಿ ಬಂದು ಕೂತ. "ನಿನಗೆ ಅರ್ಥ ಆಗಲ್ಲಮ್ಮ. ನಡುರಸ್ತೆಯಲ್ಲಿ ನಿಂತಿತ್ತಲ್ಲ, ಹಿಂದೆ ಲಾರಿ ಬಂದಿದ್ರೆ? ನಾನು ಆಫೀಸಲ್ಲಿ ಕೂತು ದಿನಾ ಇದನ್ನೇ ಯೋಚಿಸ್ಬೇಕಾ?" ಎಂದ. ಅವನಿಗೆ ಕಾರಿನ ಮೇಲೆ ಹಗೆ ಎಂದು ನಾನು ತಿಳಿದಿದ್ದೆ. ಭಯ ಎಂದು ಆಗ ಗೊತ್ತಾಯಿತು. ಇಷ್ಟು ಉದ್ದದ ಮಾತನ್ನು ಅವನ ಬಾಯಲ್ಲಿ ಕೇಳಿ ಬಹಳ ದಿನವಾಗಿತ್ತು.

"ಕಂಪ್ಯೂಟರು ಬದಲಿಸಿದ್ರೆ ನಿಲ್ಲಲ್ವಂತೆ" ಎಂದೆ.

"ಯಾರು ಹೇಳಿದ್ದು? ಯಾರ ಹತ್ರ ಕೊಟ್ಟಿದ್ದೀಯಾ?"

"ನಿನಗೆ ಗೊತ್ತಿರೋರೇ."

ಅವನು ಕಿಟಕಿಯ ಗಾಜನ್ನು ಇಳಿಸಿದ, ಏರಿಸಿದ. ಆಮೇಲೆ, "ಮಾರ್ಚ್ ಕೊನೆವರೆಗೆ ನೋಡೋಣ. ಅಷ್ಟರಲ್ಲಿ ಆಗ್ಲಿಲ್ಲ ಅಂದ್ರೆ ನಾನು ಯಾರ ಮಾತೂ ಕೇಳಲ್ಲ" ಎಂದು ಹೇಳಿ ಒಳಗೆ ಹೋದ.

ಇನ್ನೊಂದು ವಿಷಯ. ಇದನ್ನು ಹೋದ ಕಾಗದದಲ್ಲೇ ಬರೆಯಬೇಕೆಂದಿದ್ದೆ, ಕೈ ಬರಲಿಲ್ಲ. ಅವನಿಗೆ ಮತ್ತೆ ಮದುವೆ ಗೊತ್ತಾಗಿದೆ. ಮೇ ತಿಂಗಳಲ್ಲಿ. ಹುಡುಗಿ ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕದ ನಂಬರು ನೋಡುವ ಕೆಲಸ ಮಾಡುತ್ತಾಳೆ. ಒಳ್ಳೆಯವಳ ಹಾಗೆ ಕಾಣುತ್ತಾಳೆ. ಬೇರೆ ಯಾರ ಬಾಯಿಂದಲೋ ಇದು ನಿನ್ನ ಕಿವಿಗೆ ಬೀಳಬಾರದು.

ಇದನ್ನು ಓದಿದ ಮೇಲೆ ನಿನಗೆ ನನಗೆ ಬರೆಯಲು ಮನಸ್ಸಾಗದಿದ್ದರೆ ಬರೆಯಬೇಡ. ಕೋಪಿಸಿಕೊಳ್ಳುವುದಿಲ್ಲ. ಹಳೆಯ ಪೆಟ್ಟಿಗೆಯನ್ನು ವಾಪಸು ಕಳಿಸು, ಸಾಕು.

ಇಂತಿ,
ಅತ್ತೆ


ಮಾರ್ಚ್ 4

ಹುಡುಗೀ,

ಪೆಟ್ಟಿಗೆಯೂ ಇಲ್ಲ, ಕಾಗದವೂ ಇಲ್ಲ. ಬರೆಯಬೇಡ ಎಂದವಳು ನಾನೇ, ಈಗ ದಿನಾ ಅಂಚೆಯವನ ದಾರಿ ಕಾಯುತ್ತಾ ಗೇಟಿನಲ್ಲಿ ನಿಲ್ಲುವವಳೂ ನಾನೇ. ನನ್ನನ್ನು ನೋಡಿದರೆ ಸೈಕಲ್ ಮೇಲಿಂದಲೇ ತಲೆ ಅಲ್ಲಾಡಿಸುತ್ತಾನೆ.

ಪರದೆಗಳ ಹೊಲಿಗೆ ಮುಗಿಯಿತು. ಇಸ್ತ್ರಿ ಮಾಡಿ, ಮಡಚಿ, ನಡುಮನೆಯಲ್ಲಿ ಪೇರಿಸಿಟ್ಟಿದ್ದೇನೆ. ಟಿವಿ ಕಾಣದಷ್ಟು ಎತ್ತರ ಬಂದಿದೆ. ಇವನ್ನು ಯಾವುದರಲ್ಲಿ ಸಾಗಿಸುವುದು ಎಂದು ಗೊತ್ತಿಲ್ಲ.

ಆರೋಗ್ಯವಾಗಿದ್ದೀಯಾ? ಅಷ್ಟನ್ನಾದರೂ ಒಂದು ಸಾಲು ಬರೆ.

ಇಂತಿ,
ಅತ್ತೆ


ಮಾರ್ಚ್ 13

ಅತ್ತೆಯವರಿಗೆ ನಮಸ್ಕಾರ.

ಪೆಟ್ಟಿಗೆ ಇದರ ಜೊತೆ ಇದೆ. ಹಿಂದಿನಿಂದ ಗುದ್ದಿಸಿಕೊಂಡ ಕಾರು ಸಿಕ್ಕಿತ್ತು, ನಂಬರು ಕೊನೆಯ ಅಂಕಿಯವರೆಗೂ ಹೊಂದಿತು. ನಿಮ್ಮ ಹಳೆಯದರ ನೆನಪನ್ನು ಇದಕ್ಕೆ ಬರೆದಿದ್ದೇನೆ. ನಿಮ್ಮ ಕೀಲಿಯನ್ನು ಇದು ಹುಟ್ಟಿದಾಗಿನಿಂದ ನೋಡಿದ ಹಾಗೆ ಗುರುತಿಸಬೇಕು.

ನೀವೇ ಕೂರಿಸಿ. ಮೇಸ್ತ್ರಿ ಒಳ್ಳೆಯವರು, ಆದರೆ ಅವಸರದವರು. ಕಿಟಕಿಗೆ ಪರದೆ ಹಾಕಬಲ್ಲ ಕೈಗೆ ಇದೇನು ದೊಡ್ಡದಲ್ಲ.

ಮೊದಲು ಬ್ಯಾಟರಿಯ ಕಪ್ಪು ವೈರು ಬಿಚ್ಚಿ ಪಕ್ಕಕ್ಕಿಡಿ. ಹೊಲಿಗೆ ಯಂತ್ರದ ಸೂಜಿ ಬದಲಿಸುವ ಮುಂಚೆ ನೀವು ಪ್ಲಗ್ಗು ತೆಗೆಯುತ್ತೀರಲ್ಲ, ಹಾಗೆ. ಹೊಸ ಪೆಟ್ಟಿಗೆಯನ್ನು ಅದರ ಜಾಗದಲ್ಲಿ ಕೂರಿಸಿ ಬೋಲ್ಟುಗಳನ್ನು ಬಿಗಿ ಮಾಡಿ. ಎರಡು ದೊಡ್ಡ ಸಾಕೆಟ್ಟುಗಳಿವೆ, ಅದಲುಬದಲು ಹಾಕಲು ಹೋದರೂ ಕೂರುವುದಿಲ್ಲ, ಹೆದರಬೇಡಿ. ವೈರಿನ ಕಡೆಯ ಪಿನ್ನುಗಳನ್ನು ಜೊತೆಗಿಟ್ಟಿರುವ ದ್ರವದಿಂದ ಒರೆಸಿ, ಪೂರ್ತಿ ಆರಲು ಬಿಡಿ. ಹೊಲಿಗೆ ಯಂತ್ರದ ಎಣ್ಣೆ ಹಾಕಬೇಡಿ, ನೀವು ಹಾಕಬಹುದು ಎಂದು ಹೇಳುತ್ತಿದ್ದೇನೆ. ಪ್ರತಿ ಸಾಕೆಟ್ಟಿಗೂ ಒಂದು ಮಡಚುವ ಹಿಡಿ ಇದೆ. ಅದನ್ನು ಟಕ್ ಎನ್ನುವವರೆಗೆ ಒತ್ತಿ. ಕಪ್ಪು ವೈರನ್ನು ಕೊನೆಗೆ ಹಾಕಿ.

ಆಮೇಲೆ ಕೀಲಿ ತಿರುಗಿಸಿ ಬೀಗದ ದೀಪ ಆರುವವರೆಗೆ ಕಾಯಿರಿ, ಆರಿದ ಮೇಲೆ ಸ್ಟಾರ್ಟ್ ಮಾಡಿ. ಆಕ್ಸಿಲರೇಟರ್ ಮುಟ್ಟದೆ, ಮುಂದಿನ ಫ್ಯಾನು ತಾನಾಗಿ ತಿರುಗುವವರೆಗೆ ಹಾಗೇ ಬಿಡಿ. ಹೊಸ ಪೆಟ್ಟಿಗೆ ನಿಮ್ಮ ಎಂಜಿನ್ನಿನ ಉಸಿರಾಟವನ್ನು ಕಲಿಯಬೇಕು. ಮೊದಲು ಸ್ವಲ್ಪ ಏರುಪೇರಾಗುತ್ತದೆ.

ಗವಸು ಹೊಲಿಯಬೇಡಿ.

ಉತ್ತರ ತಡವಾಗಲು ಪೆಟ್ಟಿಗೆ ಕಾರಣವಲ್ಲ. ಇದು ಫೆಬ್ರವರಿ ಕೊನೆಗೇ ತಯಾರಾಗಿತ್ತು. ಮೇಜಿನ ಮೇಲೆ ಇಟ್ಟುಕೊಂಡಿದ್ದೆ, ಕಳಿಸಲಿಲ್ಲ. ಇದನ್ನು ಕಳಿಸಿಬಿಟ್ಟರೆ ನಿಮಗೆ ಬರೆಯಲು ನನಗೆ ಬೇರೆ ನೆಪವಿಲ್ಲ ಅನ್ನಿಸಿತು. ಯಜಮಾನರು ದಿನಾ ಅದನ್ನೂ ನನ್ನನ್ನೂ ನೋಡಿಕೊಂಡು ಹೋಗುತ್ತಿದ್ದರು. ನೀವು ಪರದೆಗಳನ್ನು ಪೇರಿಸಿಟ್ಟುಕೊಂಡು ಕೂತಿದ್ದೀರೆಂದು ಓದಿದ ಮೇಲೆ ನಾಚಿಕೆಯಾಯಿತು.

ಹೊಸದಾಗಿ ಮದುವೆಯಾಗುವ ಅವರಿಗೆ ಒಳ್ಳೆಯದಾಗಲಿ. ಈ ಸಾಲನ್ನು ಹಲವು ಸಲ ಬರೆದು ಹರಿದಿದ್ದೇನೆ. ಈಗ ಬರೆದಿರುವುದು ಮನಸ್ಸಿನಿಂದಲೇ.

ಇಂತಿ,
ನಿಮ್ಮ ಸೊಸೆ


ಮಾರ್ಚ್ 22

ಹುಡುಗೀ,

ಹೇಳಿದ ಹಾಗೆಯೇ ಮಾಡಿದೆ. ಕಾಗದವನ್ನು ಕಾರಿನ ಗಾಜಿನ ಮೇಲೆ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿಕೊಂಡು, ಒಂದೊಂದೇ ಸಾಲು ಓದಿ, ಒಂದೊಂದೇ ಕೆಲಸ. ಮೇಸ್ತ್ರಿ ಸುದ್ದಿ ಕೇಳಿ ನೋಡಲು ಬಂದ. ಕೈ ಹಾಕಬೇಡ, ಸ್ಟೂಲಿನ ಮೇಲೆ ಕೂತು ನೋಡು ಎಂದೆ. ಪಾಪ, ಕೂತ. ಎಣ್ಣೆ ಹಾಕಲಿಲ್ಲ. ಬಾಟಲಿ ಕೈಗೆ ತಗೊಂಡದ್ದು ನಿಜ, ವಾಪಸು ಇಟ್ಟೆ.

ಕೀಲಿ ತಿರುಗಿಸಿದೆ. ಬೀಗದ ದೀಪ ಉರಿದು ಆರಿತು. ನಿನ್ನ ಪೆಟ್ಟಿಗೆ ನನ್ನನ್ನು ಗುರುತಿಸಿತು. ಸ್ಟಾರ್ಟ್ ಮಾಡಿದೆ. ಎಂಜಿನ್ನು ತಿರುಗಿತು, ತಿರುಗಿತು, ಹತ್ತಲಿಲ್ಲ. ಮತ್ತೆ ಮಾಡಿದೆ. ಮತ್ತೆ. ಬ್ಯಾಟರಿ ಮುಲುಗತೊಡಗಿತು. ಮೇಸ್ತ್ರಿ ಸ್ಟೂಲಿನಿಂದ ಎದ್ದು ಹೋದ. ನಾನು ಸ್ಟೀರಿಂಗಿನ ಮೇಲೆ ತಲೆಯಿಟ್ಟು ಕೂತೆ. ಆಸ್ಪತ್ರೆಯವರಿಗೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಗೆ ಹೇಳಲಿ ಎಂಬ ಮಾತುಗಳನ್ನೂ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಇಷ್ಟೆಲ್ಲ ಮಾಡಿದ ನಿನಗೆ ಏನು ಬರೆಯಲಿ ಎಂಬುದೇ ಅದಕ್ಕಿಂತ ಕಷ್ಟವಾಗಿತ್ತು.

ಮಗ ಬಾಗಿಲಲ್ಲಿ ನಿಂತಿದ್ದನಂತೆ, ನಾನು ನೋಡಿರಲಿಲ್ಲ. ಬಂದು, ಗಾಜಿನ ಮೇಲಿಂದ ನಿನ್ನ ಕಾಗದ ತೆಗೆದುಕೊಂಡ. ನಿನ್ನ ಅಕ್ಷರವೆಂದು ಅವನಿಗೆ ಗೊತ್ತಾಯಿತು. ಆಮೇಲೆ ನೆಲದ ಮೇಲೆ ಕೂತು ಮೊದಲಿನಿಂದ ಓದಿದ. ಕೊನೆಯ ಸಾಲುಗಳವರೆಗೂ ಓದಿದ, ನಾನು ತಡೆಯಲಿಲ್ಲ.

"'ಟಕ್ ಎನ್ನುವವರೆಗೆ ಒತ್ತಿ' ಅಂತ ಬರೆದಿದ್ದಾಳೆ. ಟಕ್ ಅಂದಿತಾ?" ಎಂದು ಕೇಳಿದ.

"ಇಲ್ಲ. ಜೋರಾಗಿ ಒತ್ತಿದ್ರೆ ಮುರಿದುಬಿಟ್ರೆ ಅಂತ ಮೆಲ್ಲಗೆ ಕೂರಿಸಿದೆ."

ಅವನು ಎದ್ದು, ಆಫೀಸಿಗೆ ಹಾಕಿಕೊಂಡಿದ್ದ ಬಿಳಿ ಅಂಗಿಯಲ್ಲೇ ಬಗ್ಗಿ, ಕಪ್ಪು ವೈರು ಬಿಚ್ಚಿ, ಎರಡು ಹಿಡಿಗಳನ್ನೂ ಒಂದಾದ ಮೇಲೊಂದು ಒತ್ತಿದ. ಎರಡೂ ಸದ್ದು ನನಗೆ ಕೇಳಿತು. ವೈರು ಮತ್ತೆ ಹಾಕಿ ನನ್ನ ಕಡೆ ತಲೆಯಾಡಿಸಿದ. ತಿರುಗಿಸಿದೆ. ಮೊದಲ ಸಲಕ್ಕೇ ಹತ್ತಿತು.

ಆಕ್ಸಿಲರೇಟರ್ ಮುಟ್ಟಲಿಲ್ಲ. ಎಂಜಿನ್ನು ಏರಿತು, ಇಳಿಯಿತು, ತಡವರಿಸಿತು, ಆಮೇಲೆ ಒಂದೇ ಸಮನೆ ಗುನುಗತೊಡಗಿತು. ಫ್ಯಾನು ತಿರುಗುವವರೆಗೂ ನಾವಿಬ್ಬರೂ ಬಾನೆಟ್ಟಿನ ಮುಂದೆ ನಿಂತಿದ್ದೆವು. ಅವನು ಕೈ ಒರೆಸಿಕೊಳ್ಳುತ್ತಾ, "ಅವಳು ಹೇಳಿದ್ದನ್ನ ಪೂರ್ತಿ ಕೇಳ್ಬೇಕಿತ್ತು" ಎಂದ. ಹೌದಪ್ಪ, ನಾನು ಸರಿಯಾಗಿ ಓದಲಿಲ್ಲ ಎಂದೆ. ಆದರೆ ಆ ಮಾತನ್ನು ಅವನು ನನಗಲ್ಲ, ತನಗೇ ಹೇಳಿಕೊಂಡನೆಂದು ಅನ್ನಿಸಿತು. ಅವನ ಬಿಳಿ ಅಂಗಿ ಹಾಳಾಯಿತು, ಎಷ್ಟು ಒಗೆದರೂ ಕರೆ ಹೋಗಿಲ್ಲ.

ನಾಳೆ ಆಸ್ಪತ್ರೆಗೆ ಮೊದಲ ಸಾಗಣೆ. ಏಣಿಯನ್ನು ಕಾರಿನ ತಲೆಯ ಮೇಲೆ ಕಟ್ಟಿದ್ದೂ ಅವನೇ.

ಇಂತಿ,
ಅತ್ತೆ


ಏಪ್ರಿಲ್ 5

ಅತ್ತೆ,

ನಿಮ್ಮ ಕಾಗದವನ್ನು ವರ್ಕ್‌ಶಾಪಿನಲ್ಲಿ ಓದಬಾರದಿತ್ತು. ಯಜಮಾನರು ನೀರು ತಂದುಕೊಟ್ಟರು.

ಕಾರು ಓಡುತ್ತಿದೆಯಲ್ಲ, ನನಗೆ ಅಷ್ಟು ಸಾಕು. ಸಾವಿರ ಕಿಲೋಮೀಟರ್ ಆದ ಮೇಲೆ ಒಂದು ಸಲ ಹಿಡಿಗಳನ್ನು ಮುಟ್ಟಿ ನೋಡಿ, ಸಡಿಲವಾಗಿರಬಾರದು. ಬಾನೆಟ್ಟಿನ ಒಳಗೆ ನೀರು ಬಿಡಬೇಡಿ, ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.

ಇನ್ನು ನನ್ನ ಕೆಲಸ ಮುಗಿಯಿತು. ಮುಂದಿನ ತಿಂಗಳು ಆ ಮನೆಗೆ ಹೊಸಬರು ಬರುತ್ತಾರೆ. ಬಾಗಿಲು ತೆಗೆದಾಗೆಲ್ಲ ನನ್ನ ಅಕ್ಷರದ ಕಾಗದ ಬಿದ್ದಿರುವುದು ಅವರಿಗೆ ಇಷ್ಟವಾಗಲಿಕ್ಕಿಲ್ಲ, ನಾನಾಗಿದ್ದರೆ ನನಗೂ ಆಗುತ್ತಿರಲಿಲ್ಲ. ನಿಮಗೆ ಅವರ ಮುಂದೆ ಮುಜುಗರವಾಗುವುದು ಬೇಡ. ಇದೇ ಕೊನೆಯ ಕಾಗದ ಎಂದುಕೊಳ್ಳೋಣ.

ಈ ಮೂರು ತಿಂಗಳು ನನಗೆ ಮನೆ ಇದ್ದ ಹಾಗೆ ಇತ್ತು. ಅದನ್ನು ಹೇಳದೆ ಮುಗಿಸಲು ಮನಸ್ಸು ಬರಲಿಲ್ಲ.

ಇಂತಿ,
ನಿಮ್ಮ ಸೊಸೆ


ಮೇ 27

ಹುಡುಗೀ,

ಈ ಕಾಗದಕ್ಕೆ ಅಂಚೆಚೀಟಿ ಇಲ್ಲ, ನೋಡಿಕೋ. ನಿನ್ನ ಮೇಜಿನ ಮೇಲೆ ಇಡಲು ನಿಮ್ಮ ವರ್ಕ್‌ಶಾಪಿನ ಯಜಮಾನರ ಕೈಗೆ ಕೊಡುತ್ತಿದ್ದೇನೆ. ನೀನು ಊಟಕ್ಕೆ ಹೋಗಿದ್ದೀಯಂತೆ.

ಕೊನೆಯ ಕಾಗದ ಎಂದು ನೀನು ತೀರ್ಮಾನ ಮಾಡಿದರೆ ಆಯಿತೇ, ನನ್ನನ್ನು ಒಂದು ಮಾತು ಕೇಳಬೇಡವೇ? ಉತ್ತರ ಬರೆಯಲು ಕೂತೆ. ಅಳುವ ಮಾತುಗಳೇ ಬಂದವು, ಹರಿದುಹಾಕಿದೆ. ಆಸ್ಪತ್ರೆಯ ಕೆಲಸ ಹೊತ್ತಿಗೆ ಸರಿಯಾಗಿ ಮುಗಿಯಿತು. ಅವರು ಮೇಲಿನ ಮಹಡಿಯ ಪರದೆಗಳನ್ನೂ ನನಗೇ ಕೊಟ್ಟಿದ್ದಾರೆ. ಮದುವೆ ಮುಗಿದು ಎರಡು ವಾರವಾಯಿತು. ಎಲ್ಲ ಆದ ಮೇಲೆ ಬರುವುದೇ ಸರಿ ಎಂದು ಇಷ್ಟು ದಿನ ತಡೆದೆ.

ಹೊಸ ಸೊಸೆಗೆ ನಿನ್ನ ವಿಷಯ ಎಲ್ಲವನ್ನೂ ಹೇಳಿದ್ದೇನೆ. ಮುಜುಗರವಂತೆ, ಮುಜುಗರ. ಅವಳು ಎಲ್ಲ ಕೇಳಿ, "ಹಾಗಾದ್ರೆ ಅವರನ್ನ ನೋಡೋಕೆ ನೀವ್ಯಾಕೆ ಹೋಗಿಲ್ಲ?" ಎಂದಳು. ಮಗ ತಲೆಯೆತ್ತದೆ ಊಟ ಮಾಡುತ್ತಿದ್ದ. ಈ ಬೆಳಗ್ಗೆ ನೋಡಿದರೆ ಕಾರಿನ ಟ್ಯಾಂಕು ತುಂಬಿತ್ತು. ನಾನು ತುಂಬಿಸಿರಲಿಲ್ಲ.

ಕಾರಿನಲ್ಲಿ ಹೊಸ ಪೆಟ್ಟಿಗೆ ಬಂದರೆ ಹಳೆಯದನ್ನು ಬಿಚ್ಚಿ ತೆಗೆಯಲೇಬೇಕು, ಜಾಗ ಒಂದೇ ಇರುವುದು. ನನ್ನ ಹತ್ತಿರ ಜಾಗಕ್ಕೆ ಏನು ಬರ? ಅವಳಿಗೂ ನಾನು ಅತ್ತೆ, ನಿನಗೂ ನಾನು ಅತ್ತೆ.

ಇಲ್ಲಿಯವರೆಗೆ ಒಬ್ಬಳೇ ಓಡಿಸಿಕೊಂಡು ಬಂದೆ. ಇಷ್ಟು ದೂರ ಹಿಂದೆ ಎಂದೂ ಓಡಿಸಿರಲಿಲ್ಲ. ಘಾಟಿಯ ಏರಿನಲ್ಲಿ ನನಗೇ ಉಸಿರು ಕಟ್ಟಿತು, ಎಂಜಿನ್ನು ಎಲ್ಲಿಯೂ ನಿಲ್ಲಲಿಲ್ಲ.

ಈಗ ಊಟ ಮುಗಿಸಿ ಬಂದು ಇದನ್ನು ಓದುತ್ತಿದ್ದೀಯಲ್ಲ, ಕಿಟಕಿಯಿಂದ ಹೊರಗೆ ನೋಡು. ಎದುರಿನ ಮರದ ಕೆಳಗೆ ಕಾರು ನಿಲ್ಲಿಸಿ ಒಳಗೆ ಕೂತಿದ್ದೇನೆ. ಪಕ್ಕದ ಬಾಗಿಲಿಗೆ ಲಾಕ್ ಹಾಕಿಲ್ಲ.

ಇಂತಿ,
ನಿನ್ನ ಅತ್ತೆ